ಸರ್ ಅವರ ಎಮ್ಮೆ

ಮೊನ್ನೆಯಿಂದ ನಮ್ಮ ಖಾನಾವಳಿಯಲ್ಲಿ ಊಟಕ್ಕೆ ಕುಳಿತವರಿಗೆಲ್ಲ ಶೇಂಗಾ ಹೋಳಿಗೆ ಬೀಳುತ್ತಿದೆ. ಕೇಳದಿದ್ದವರಿಗೂ ಹಾಕುತ್ತೇನೆ, ಬೇಡ ಎಂದವರಿಗೂ ಹಾಕುತ್ತೇನೆ, ಮೇಲೆ ತುಪ್ಪವನ್ನೂ ಸುರಿಯುತ್ತೇನೆ. ರಾಯಾಪುರದ ಈ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಉಣ್ಣುವವರು, ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವರು, ಎಲ್ಲರದೂ ಒಂದೇ ಪ್ರಶ್ನೆ.

“ಏನ್ರಿ ಅಕ್ಕಾರ, ಮನ್ಯಾಗ ಯಾರದರೆ ಲಗ್ನ ಗೊತ್ತಾತೇನು?”

“ಲಗ್ನ ಅಲ್ರೀ, ಅದಕ್ಕಿಂತ ದೊಡ್ಡದು. ನಮ್ಮ ಮೊಮ್ಮಗಳ ಇದ್ದಲಿ ಪಾಸಾತು!”

“ಇದ್ದಲಿನಾ?”

“ಹೂಂ ಮತ್ತ! ಮೆಣಸಿನಕಾಯಿ ತೊಟ್ಟಿನ ಇದ್ದಲಿ. ಅದರಾಗ ಕರೆಂಟ್ ಹಿಡಿದು ಇಡಾಕ ಬರ್ತೈತಿ. ಮಷೀನಿಗೆ ಹಚ್ಚಿ ತುಂಬಿಸ್ಯಾರ, ಖಾಲಿ ಮಾಡ್ಯಾರ, ಮತ್ತ ತುಂಬಿಸ್ಯಾರ, ಮತ್ತ ಖಾಲಿ ಮಾಡ್ಯಾರ. ವಾರಗಟ್ಲೆ! ಒಂಚೂರೂ ದಣಿದಿಲ್ಲ ನೋಡ್ರಿ.”

“ಛಲೋ ಆತು ಬಿಡ್ರಿ,” ಎನ್ನುತ್ತಾರೆ. ಒಂದು ತುತ್ತು ನುಂಗಿ, “ಸ್ವಲ್ಪ ಬ್ಯಾಳಿ ಹಾಕ್ರಿ ಇಲ್ಲೆ,” ಎನ್ನುತ್ತಾರೆ.

ಬೇಳೆ ಹಾಕುತ್ತೇನೆ. ಅವರದೇನೂ ತಪ್ಪಿಲ್ಲ. ಈ ಸುದ್ದಿ ಕೇಳಿ ಕೈಯಲ್ಲಿನ ತುತ್ತು ತಾಟಿನಲ್ಲಿಯೇ ಬಿಟ್ಟು ಎದ್ದು ನಿಲ್ಲಬೇಕಾದವರು ಒಬ್ಬರೇ ಇದ್ದರು. ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೇಜಿನಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಹೋದ ವರ್ಷ ಚಳಿಗಾಲದಲ್ಲಿ ತೀರಿಹೋದರು. ಎರಡು ದಿನದಿಂದ ನನ್ನ ಹೊಟ್ಟೆಯೊಳಗೆ ಹಿಗ್ಗು ಉಕ್ಕುತ್ತಿದೆ, ಅದನ್ನು ಇಳಿಸಲು ಜಾಗವಿಲ್ಲ. ಮೊಮ್ಮಗಳು ಸಹನಾ, “ಹಂಗಾರ ಬರಿ ಆಯಿ, ಅವರ ಮ್ಯಾಲೆ ಬರಿ,” ಎಂದಳು. ನಾಲ್ಕನೇ ಇಯತ್ತೆಯವರೆಗೆ ಓದಿದ ಕೈ ಇದು. ಹೇಗೆ ಬರುತ್ತದೋ ಹಾಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಖಾನಾವಳಿಯಲ್ಲಿ ಎಲ್ಲರಿಗೂ ಅವರು ಸರ್. ಹೆಸರು ಹಿಡಿದು ಕರೆದಿದ್ದರೆ ಅವರೇ ತಿರುಗಿ ನೋಡುತ್ತಿದ್ದರೋ ಇಲ್ಲವೋ.

ಮೊದಲ ಸಲ ಬಂದಾಗ ನಾವೆಲ್ಲ ಅವರನ್ನು ಎಮ್ಮೆ ಕಟ್ಟಿದವರು ಎಂದು ತಿಳಿದಿದ್ದೆವು. ಅದು ಆದದ್ದು ಹೀಗೆ. ಊಟ ಮುಗಿಸಿ, ದುಡ್ಡು ಕೊಟ್ಟು, ಬಾಗಿಲವರೆಗೆ ಹೋದವರು ತಿರುಗಿ ಬಂದರು. ಹಿತ್ತಲ ಬಾಗಿಲಲ್ಲಿ ಬೆಳಗಿನ ಕಸದ ಬುಟ್ಟಿ ಇತ್ತು. ಉಳ್ಳಾಗಡ್ಡಿ ಸಿಪ್ಪೆ, ಹುರಿದ ಶೇಂಗಾದ ಕೆಂಪು ಸಿಪ್ಪೆ, ಬದನೆಕಾಯಿ ತೊಟ್ಟು, ಗೋವಿನಜೋಳದ ತೆನೆಯ ಬೆಂಡು. ಅದನ್ನೇ ನೋಡುತ್ತ ನಿಂತುಬಿಟ್ಟರು, ಪ್ಯಾಟೆಯಲ್ಲಿ ಸೀರೆ ಅಂಗಡಿಯ ಮುಂದೆ ಹೆಂಗಸರು ನಿಲ್ಲುವ ಹಾಗೆ.

“ಇದನ್ನ ಏನ್ ಮಾಡ್ತೀರಿ?”

ರೊಟ್ಟಿ ಬಡಿಯುವ ಗಂಗವ್ವ ನನಗಿಂತ ಮೊದಲು ಬಾಯಿ ಹಾಕಿದಳು. “ಚೆಲ್ತೇವ್ರಿ. ಯಾಕ್ರಿ ಸರ, ಎಮ್ಮಿ ಕಟ್ಟೀರೇನು?”

ಸರ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. “ಬೇಕಾಗಿತ್ತು,” ಎಂದರು. ನಮ್ಮ ಕಡೆ ಇಸ್ತ್ರಿ ಮಾಡಿದ ಅಂಗಿ ತೊಟ್ಟವರೂ ಮನೆಯ ಹಿಂದೆ ಎಮ್ಮೆ ಕಟ್ಟುತ್ತಾರೆ. ಅದರಲ್ಲಿ ನಮಗೇನೂ ವಿಚಿತ್ರ ಕಾಣಲಿಲ್ಲ. ಮರುದಿನದಿಂದ ಗಂಗವ್ವ ಅವರಿಗಾಗಿ ಒಂದು ಚೀಲ ತೆಗೆದಿಡತೊಡಗಿದಳು. ಬರೀ ಸಿಪ್ಪೆ ತಿಂದು ಎಮ್ಮೆ ಹೇಗೆ ಬದುಕೀತು ಎಂದು ಉಳಿದ ರೊಟ್ಟಿ ಸೇರಿಸಿದಳು. ಆಮೇಲೆ ಒಂದು ಹಿಡಿ ಹಿಂಡಿ. ಕೊನೆಗೆ ಒಂದು ಕ್ಯಾನು ಕಲಗಚ್ಚು. ಬೇಡ ಎನ್ನಲು ಸರ್‌ಗೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಕಲಗಚ್ಚಿನ ಕ್ಯಾನು ಹಿಡಿದುಕೊಂಡು ಸಿಟಿ ಬಸ್ಸು ಹತ್ತಲು ಹೋಗಿ, ಬಾಗಿಲಲ್ಲೇ ಬೈಸಿಕೊಂಡು ಇಳಿದು, ಬಿಸಿಲಲ್ಲಿ ನಡೆಯುತ್ತ ಹೋದದ್ದನ್ನು ನಾನೇ ನೋಡಿದ್ದೇನೆ.

ಒಂದು ದಿನ ಗಂಗವ್ವ ತಡೆಯಲಾರದೆ ಕೇಳಿಯೇಬಿಟ್ಟಳು. “ಅಲ್ರೀ ಸರ, ಇಷ್ಟ್ ತಿನ್ನಸಾಕತ್ತೀರಿ. ಹಾಲೆಷ್ಟ್ ಕೊಡ್ತೈತಿ?”

“ಇನ್ನೂ ಕೊಟ್ಟಿಲ್ಲವ್ವಾ.”

“ಗಬ್ಬ ಐತೇನು?”

ಸರ್ ಅವರ ಕಿವಿ ಕೆಂಪಾದವು. ಗೋಡೆಯ ಕಡೆ ತಿರುಗಿ ರೊಟ್ಟಿ ಮುರಿಯತೊಡಗಿದರು. ಗಂಗವ್ವ ಬಿಡಬೇಕಲ್ಲ! “ದನದ ಡಾಕ್ಟರ್‌ಗೆ ತೋರಸ್ರಿ. ಇಲ್ಲಾಂದ್ರ ನನ್ನ ಮೈದುನನ್ನ ಕಳಸ್ತೇನಿ, ಕೈ ಹಾಕಿ ಹೇಳ್ತಾನ.”

ಆಗ ಬೇರೆ ದಾರಿ ಇಲ್ಲದೆ ಬಾಯಿ ಬಿಟ್ಟರು. “ನನ್ನ ಎಮ್ಮಿ ಕಬ್ಬಿಣದ್ದು ಐತವ್ವಾ.”

“ಏನಂದ್ರಿ?”

“ಕಾಲೇಜಿನ್ಯಾಗ ಐತಿ. ಕೊಳವಿ ಇದ್ದಂಗ. ಕಸಾ ತಿಂತೈತಿ.”

“ಕುಡಿಯಾಕ?”

“ಏನೂ ಬ್ಯಾಡ. ಗಾಳಿನೂ ತಾಗಬಾರದು.”

“ಮತ್ತ ಹಾಲು?”

“ಕರೀದು.”

“ಶಿವನ! ಕರೀ ಹಾಲು!” ಎಂದು ಗಂಗವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಇಟ್ಟುಕೊಂಡಳು. ಊಟಕ್ಕೆ ಕುಳಿತವರೆಲ್ಲ ನಕ್ಕರು, ಸರ್ ಕೂಡ ನಕ್ಕರು. ಅವರು ನಕ್ಕಾಗ ಸದ್ದು ಬರುತ್ತಿರಲಿಲ್ಲ. ಭುಜ ಮಾತ್ರ ಅಲುಗಾಡುತ್ತಿತ್ತು. ಕೊಟ್ಟ ರೊಟ್ಟಿಯನ್ನೆಲ್ಲ ಕಾಲೇಜಿನ ಗೇಟಿನ ನಾಯಿಗೆ ಹಾಕುತ್ತಿದ್ದರಂತೆ. ಆ ನಾಯಿ ಆಡಿನ ಹಾಗೆ ದಪ್ಪವಾಗಿತ್ತಂತೆ.

ಸರ್ ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನ ಆ ಕುಲುಮೆಗೆ ಅಂದಿನಿಂದ ನಮ್ಮಲ್ಲಿ ಎಮ್ಮೆ ಎಂದೇ ಹೆಸರು. “ಸರ, ಎಮ್ಮಿ ಹೆಂಗೈತಿ?” ಎಂದು ಡ್ರೈವರ್‌ಗಳೂ ಕೇಳುತ್ತಿದ್ದರು. “ಮೇಯಾಕತ್ತೈತಿ,” ಎನ್ನುತ್ತಿದ್ದರು.

ಅವರು ಮಾಡುತ್ತಿದ್ದದ್ದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕಸವನ್ನು ಒಣಗಿಸಿ, ಪುಡಿಮಾಡಿ, ಸುಡುವಂಥ ಖಾರದ ಔಷಧದಲ್ಲಿ ನೆನೆಸಿ, ಎಮ್ಮೆಯ ಹೊಟ್ಟೆಗೆ ಹಾಕಿ ಕೆಂಪಗೆ ಕಾಯಿಸುವುದು. ಗಾಳಿ ಇಲ್ಲದ ಕಡೆ ಕಾಯಿಸಿದರೆ ಅದು ಉರಿಯುವುದಿಲ್ಲ, ಇದ್ದಲಿ ಆಗುತ್ತದೆ. ಆ ಔಷಧ ಇದ್ದಲಿಯ ಮೈತುಂಬ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ. ಆಮೇಲೆ ತೊಳೆಯುವುದು. ತೊಳೆದು, ತೊಳೆದು, ಔಷಧದ ಸುಳಿವೂ ಇಲ್ಲದಂತೆ ತೊಳೆದು, ಆ ಪುಡಿಯನ್ನು ಕಾಡಿಗೆಯ ಹಾಗೆ ಕಲಸಿ, ಸಣ್ಣ ಲೋಹದ ಜಾಳಿಗೆಗೆ ಸವರುವುದು. ಕರೆಂಟು ಕೊಟ್ಟರೆ ಅದು ಆ ತೂತುಗಳ ಗೋಡೆಗೆ ಬಂದು ಅಂಟಿಕೊಂಡು ಕೂರುತ್ತದೆ. ಕೇಳಿದಾಗ ಎದ್ದು ಬರುತ್ತದೆ.

“ಬ್ಯಾಟರಿ ಅಂದ್ರ ನೆಲದಾಗ ಜ್ವಾಳಾ ತುಂಬಿಡೋ ಹಗೇವು ಇದ್ದಂಗ್ರಿ ಅಕ್ಕಾರ,” ಎಂದಿದ್ದರು ಒಮ್ಮೆ. “ಬಾಳ ಹಿಡಿತೈತಿ, ತುಂಬಾಕ ತೆಗಿಯಾಕ ಹೊತ್ತು ಬೇಕು. ನನ್ನದು ಬುಟ್ಟಿ. ಲಗೂ ತುಂಬ್ತೈತಿ, ಲಗೂ ಖಾಲಿ ಆಗ್ತೈತಿ. ಬಸ್ಸು ಬ್ರೇಕ್ ಹಾಕಿದಾಗ ಸುಮ್ನ ಹಾಳಾಗೋ ಶಕ್ತಿ ಹಿಡಕೊಂಡು, ಮತ್ತ ಹೊಂಟಾಗ ಕೊಡಾಕ ಇಂಥಾ ಬುಟ್ಟಿ ಬೇಕು.”

“ಒಂದು ಚಿಟಿಕಿ ಪುಡಿಯಾಗ ಎಷ್ಟ್ ಹಿಡೀತೈತ್ರಿ?”

“ಒಂದು ಚಿಟಿಕಿಯ ಒಳಗೋಡಿ ಎಲ್ಲಾ ಬಿಚ್ಚಿ ಹಾಸಿದ್ರ ನಿಮ್ಮ ಅಂಗಳ ಸಾಲೂದಿಲ್ಲ.”

ನಾನು ನಂಬಲಿಲ್ಲ. ಆದರೂ ಅಂಗಳ ಕಸಗುಡಿಸುವಾಗ ಆ ಮಾತು ನೆನಪಾಗಿ ನಗು ಬರುತ್ತಿತ್ತು.

ಅವರ ಕೈಯನ್ನು ನೋಡಿಯೇ ದಿನ ಹೇಗೆ ಹೋಯಿತೆಂದು ಹೇಳಬಹುದಿತ್ತು. ಉಗುರಿನ ಕೆಳಗೆ ಕಪ್ಪು, ಅಂಗೈಯ ಗೆರೆಗಳಲ್ಲಿ ಕಪ್ಪು. ಬೇಸಿನ್ನಿನ ಹತ್ತಿರ ನಿಂತರೆಂದರೆ ಹಿಂದೆ ಸಾಲು ನಿಲ್ಲುತ್ತಿತ್ತು. “ಸರ, ನೀವು ಕೈ ತೊಳಿಯೂದ್ರಾಗ ರೊಟ್ಟಿ ಆರಿ ಹಪ್ಪಳ ಆತು,” ಎಂದು ನಾನು ಕೂಗುತ್ತಿದ್ದೆ. “ಇನ್ನೊಂದ್ಸಲ, ಇನ್ನೊಂದ್ಸಲ,” ಎನ್ನುತ್ತ ಮತ್ತೆ ಸಾಬೂನು ಹಚ್ಚುತ್ತಿದ್ದರು. ಲಗ್ನ ಯಾಕೆ ಆಗಲಿಲ್ಲ ಎಂದು ಗಂಗವ್ವ ಕೇಳಿದಾಗ, “ಹೆಣ್ಣು ನೋಡಾಕ ಹೋದಾಗ ಅವರು ನನ್ನ ಕೈ ನೋಡಿದ್ರವ್ವಾ,” ಎಂದಿದ್ದರು. ಅದು ಚೇಷ್ಟೆಯೋ ಖರೆಯೋ ನಮಗೆ ತಿಳಿಯಲಿಲ್ಲ.

ಕೆಲವು ದಿನ ಮುಖ ಬಾಡಿಸಿಕೊಂಡು ಬರುತ್ತಿದ್ದರು. “ಇವತ್ತಿಂದು ವಿಭೂತಿ ಆತ್ರಿ.” ಮೊದಲ ಸಲ ಕೇಳಿದಾಗ ಗಂಗವ್ವ ಸೆರಗು ಹೊದ್ದು ಕೈ ಮುಗಿದಳು. “ಛಲೋ ಆತಲ್ರೀ ಸರ! ನನಗೂ ಚೂರು ತರ್ರಿ, ಮೊಮ್ಮಗನ ಹಣಿಗೆ ಹಚ್ಚಾಕ.” ಸರ್ ಪಾಪ, ನನ್ನ ಮುಖ ನೋಡಿದರು. ಎಲ್ಲೋ ಸಂದಿಯಲ್ಲಿ ಗಾಳಿ ನುಸುಳಿದರೆ ಒಳಗಿನ ಇದ್ದಲಿಯೆಲ್ಲ ಉರಿದು ಬೂದಿಯಾಗುತ್ತದಂತೆ. ನಮಗೆ ಹಣೆಗೆ ಏರುವಂಥದ್ದು ಅವರ ಎಮ್ಮೆಗೆ ಸೋಲು. “ಇದು ಹಚ್ಚಿಕೊಳ್ಳೂದಲ್ಲವ್ವಾ, ಇದು ಸೋತ ವಿಭೂತಿ,” ಎಂದು ಹೇಳಿ ಊಟಕ್ಕೆ ಕುಳಿತರು. ಅವತ್ತು ಮಜ್ಜಿಗೆ ಮುಟ್ಟಲಿಲ್ಲ.

ಮೆಣಸಿನಕಾಯಿಯ ದಿನವನ್ನಂತೂ ಮರೆಯಲಾರೆ. ವರ್ಷದ ಖಾರಪುಡಿ ಮಾಡಲು ನಾವು ಬ್ಯಾಡಗಿ ಮೆಣಸಿನಕಾಯಿ ತರಿಸಿ ತೊಟ್ಟು ಮುರಿಯುತ್ತ ಕುಳಿತಿದ್ದೆವು. ಸರ್ ಕಣ್ಣು ಆ ತೊಟ್ಟಿನ ರಾಶಿಯ ಮೇಲೆ ಬಿತ್ತು. ಒಂದು ಚೀಲ ಒಯ್ದರು. ಮುಂದಿನ ವಾರ ಒಂದು ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ತೊಟ್ಟಿನ ಜೊತೆ ಬೀಜವೂ ಸೇರಿ ಹೋಗಿತ್ತಂತೆ. ಎಮ್ಮೆಗೆ ಹಾಕುವುದಕ್ಕೂ ಮುಂಚೆ ಒಲೆಯ ಮೇಲೆ ಹುರಿಯುವಾಗಲೇ ಘಾಟು ಎದ್ದು, ಪಕ್ಕದ ಕೋಣೆಯವರು, ಎದುರಿನ ಕೋಣೆಯವರು, ಪಾಠ ಕೇಳುತ್ತಿದ್ದವರು, ಎಲ್ಲರೂ ಕೆಮ್ಮುತ್ತ ಸೀನುತ್ತ ಬಯಲಿಗೆ ಬಂದು ನಿಂತರಂತೆ.

“ಬೈದ್ರೇನ್ರಿ ಸರ?”

“ಬೈದ್ರು. ಇನ್ನ ಮ್ಯಾಲೆ ಮೆಣಸಿನಕಾಯಿ ತರಬ್ಯಾಡ ಅಂದ್ರು.” ರೊಟ್ಟಿ ಮುರಿಯುತ್ತ, “ಆದ್ರ ಮೊದಲ ಒಂದು ಹಿಡಿ ಎಮ್ಮಿಗೆ ಹಾಕಿದ್ದೆ. ಅದರ ಇದ್ದಲಿ ಬಾಳ ಛಲೋ ಇತ್ತು, ಅಕ್ಕಾರ,” ಎಂದರು. ಕಳೆದುಹೋದವರ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು. ಬೇರೆ ತೊಟ್ಟು, ಬೇರೆ ಸಿಪ್ಪೆ ಹುಡುಕಿದರು. ಮೆಣಸಿನಕಾಯಿಯ ಮಾತು ತೆಗೆದಾಗಲೆಲ್ಲ ಆ ದನಿ ಬರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅವರಿಗೆ ಬೇಕಾಗಿದ್ದದ್ದು ಏನೆಂದು ಹೇಳಬೇಕು. ದೊಡ್ಡದೇನಲ್ಲ. ಎಮ್ಮೆಯ ಹತ್ತಿರ ತಮ್ಮ ಜೊತೆ ನಿಲ್ಲುವ ಒಬ್ಬರು ಬೇಕಾಗಿತ್ತು, ನಿಂತೇ ಇರುವವರು. ಇದನ್ನು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ತಾಟಿನ ಲೆಕ್ಕದಿಂದ ನನಗೆ ತಿಳಿಯಿತು. ಹೊಸ ವಿದ್ಯಾರ್ಥಿ ಸೇರಿದ ದಿನ ಅವನನ್ನು ನಮ್ಮಲ್ಲಿಗೆ ಕರೆದುಕೊಂಡು ಬರುತ್ತಿದ್ದರು. ಆ ದಿನ ಗೋಡೆಗೆ ಬೆನ್ನು ಹಾಕಿ, ಎದುರಿಗೆ ಅವನನ್ನು ಕೂರಿಸಿ, ಅವನ ತಾಟಿಗೆ ತಾವೇ ತುಪ್ಪ ಬಡಿಸುತ್ತಿದ್ದರು. ನಾನು ಮರುದಿನದಿಂದ ಎರಡು ತಾಟು ಹಾಕುತ್ತಿದ್ದೆ. ಒಂದಷ್ಟು ತಿಂಗಳು ಹೋಗುತ್ತಿದ್ದಂತೆ ಸರ್ ಮತ್ತೆ ಒಬ್ಬರೇ ಬರುತ್ತಿದ್ದರು, ಮತ್ತೆ ಗೋಡೆಯ ಕಡೆ ಮುಖ.

“ಹುಡುಗ ಎಲ್ಲಿ ಸರ?”

“ಅವಗ ಛಲೋ ಆತ್ರಿ.”

ಒಬ್ಬನಿಗೆ ನೌಕರಿ. ಒಬ್ಬಳಿಗೆ ಬೇರೆ ಊರಿನಲ್ಲಿ ಬೇರೆ ವಿಷಯ. ಇನ್ನೊಬ್ಬನಿಗೆ ಇದ್ದಲಿಯ ಪುಡಿ ಮೂಗಿಗೆ ಆಗಿಬರಲಿಲ್ಲ. ಯಾರು ಬಿಟ್ಟು ಹೋದರೂ ಸರ್ ಬಾಯಲ್ಲಿ ಅದೇ ಮಾತು, ಅವಗ ಛಲೋ ಆತು, ಆಕಿಗೆ ಛಲೋ ಆತು. ಹೇಳಿ ಉಪ್ಪಿಲ್ಲದ ಪಲ್ಯವನ್ನೂ ಸುಮ್ಮನೆ ಉಣ್ಣುತ್ತಿದ್ದರು. ಉಪ್ಪು ಬೇಕೆಂದು ಕೇಳುವವರೇ ಅಲ್ಲ. ಉಪ್ಪನ್ನೇ ಕೇಳದವರು ಮನುಷ್ಯರನ್ನು ಇರು ಎಂದು ಹೇಗೆ ಕೇಳಿಯಾರು?

ಸಹನಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಸರ್ ಅವರ ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ಸಹನಾ ನನ್ನ ಮಗನ ಮಗಳು, ನಮ್ಮ ಮನೆಯಲ್ಲಿಯೇ ಬೆಳೆದವಳು. ಚಿಕ್ಕಂದಿನಿಂದ ಎಮ್ಮೆಯ ಸುದ್ದಿ ಕೇಳಿದವಳು. ಒಂದು ಮಧ್ಯಾಹ್ನ ತಾನೇ ಸರ್ ಮೇಜಿನ ಹತ್ತಿರ ಹೋಗಿ ನಿಂತು, “ಸರ್, ನಿಮ್ಮ ಕೆಲಸಾ ನಾ ಮಾಡ್ಲೇನ್ರಿ? ನಿಮ್ಮ ಕೈಯಾಗ ಪಿಎಚ್.ಡಿ. ಆಗೂದಿಲ್ಲ ಅಂದ್ರ ಬ್ಯಾರೇದವರ ಕೈಯಾಗ ಹಚ್ಚಕೊಂಡು, ನಿಮ್ಮನ್ನ ಕೇಳಿ ಕೇಳಿ ಮಾಡ್ತೇನಿ,” ಎಂದಳು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೋಯಿತು. ಇನ್ನು ಎರಡು ತಾಟು ಖಾಯಂ ಎಂದುಕೊಂಡೆ.

ಸರ್ ಅವಳ ಮುಖ ನೋಡಲಿಲ್ಲ. “ಬ್ಯಾಡವಾ,” ಎಂದರು.

ಸಹನಾ ಒಳಗೆ ಹೋದಳು. ನನಗೆ ಸಿಟ್ಟು ಬಂತು. ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

“ಯಾಕ್ರೀ ಸರ? ನಮ್ಮ ಹುಡುಗಿಗೆ ಏನ್ ಕಡಿಮಿ ಐತಿ?”

“ಏನೂ ಕಡಿಮಿ ಇಲ್ರೀ. ಅದಕ್ಕ ಬ್ಯಾಡ ಅಂದೆ.”

“ಇಷ್ಟು ವರ್ಷ ಒಬ್ಬರು ಸಿಗಲಿ ಅಂತ ಕಾಯ್ದೀರಿ. ಸಿಕ್ಕಾಗ ಬ್ಯಾಡ ಅಂತೀರಿ.”

ತಾಟಿನ ಅಂಚನ್ನು ಬೆರಳಿಂದ ಒರೆಸಿದರು. ಆಮೇಲೆ ಮೆಲ್ಲಗೆ ಹೇಳಿದರು. “ಈ ಕೆಲಸದಾಗ ಮನಶ್ಯಾ ಒಬ್ಬಾತ ಆಗ್ತಾನ್ರಿ ಅಕ್ಕಾರ. ಇವತ್ತ ಹಿಂಗಾತು ಅಂತ ಊಟಕ್ಕ ಕುಂತಾಗ ಯಾರಿಗರೆ ಹೇಳಬೇಕು ಅನಸ್ತೈತಿ. ಹೇಳಿದ್ರ ತಿಳಿಯೂದಿಲ್ಲ. ಹೇಳೂದು ಬಿಡ್ತೇವಿ. ಆಮ್ಯಾಲೆ ಅದ ರೂಢಿ ಆಗ್ತೈತಿ. ಆಕಿ ನಗೋ ಹುಡುಗಿ. ಆಕಿಗ್ಯಾಕ ಇದು?”

“ನನಗ ಹೇಳ್ತೀರಲ್ರೀ?”

ಅವರು ನನ್ನನ್ನು ನೋಡಿದರು. ನೋವಾಗಬಾರದು ಎಂಬ ನೋಟ ಅದು. “ನಿಮಗ ನಾ ಎಮ್ಮಿ ಸುದ್ದಿ ಹೇಳ್ತೇನ್ರಿ.”

ಸೌಟು ಹಿಡಿದುಕೊಂಡು ಒಳಗೆ ಬಂದೆ. ಅವರು ಹೇಳಿದ್ದು ಖರೆ. ಇಷ್ಟು ವರ್ಷ ದಿನಾಲೂ ಮಾತಾಡಿದ್ದೆವು, ನಕ್ಕಿದ್ದೆವು. ಅವರ ಎಮ್ಮೆ ನನಗೆ ಗೊತ್ತಿತ್ತು. ಅವರು ಅಲ್ಲಿ ನಿಂತು ನಿಜವಾಗಿ ಏನು ನೋಡುತ್ತಿದ್ದರು, ಯಾವುದಕ್ಕೆ ಹಿಗ್ಗುತ್ತಿದ್ದರು, ಅದು ನನಗೆ ಗೊತ್ತಿರಲಿಲ್ಲ. ಒಬ್ಬರು ಎದುರಿಗೆ ಕುಳಿತು ದಿನವೂ ಉಂಡರೂ ಅಷ್ಟು ದೂರ ಇರಬಹುದು ಎಂದು ನನಗೆ ಅವತ್ತು ತಿಳಿಯಿತು.

ಸರ್ ನಿವೃತ್ತರಾದರು. ಎಮ್ಮೆಯ ಕೋಣೆಗೆ ಬೀಗ ಬಿತ್ತು. ಗೋಪನಕೊಪ್ಪದಲ್ಲಿ ಅವರ ಬಾಡಿಗೆ ಮನೆ. ಅಲ್ಲಿಂದ ಬಸ್ಸು ಹಿಡಿದು ಊಟಕ್ಕೆ ಮಾತ್ರ ಬರುತ್ತಿದ್ದರು. ಕೈ ಬೆಳ್ಳಗಾಗಿತ್ತು. ಬೇಸಿನ್ನಿನ ಹತ್ತಿರ ಹೊತ್ತು ಹಿಡಿಯುತ್ತಿರಲಿಲ್ಲ. ಹೋಗುವಾಗ ಹಿತ್ತಲ ಬುಟ್ಟಿಯನ್ನು ಒಮ್ಮೆ ಬಗ್ಗಿ ನೋಡಿ, ಬರಿಗೈಯಲ್ಲಿ ಹೋಗುತ್ತಿದ್ದರು. ಗಂಗವ್ವ ಆಗ ಬೇಕೆಂದೇ ರೊಟ್ಟಿ ಜೋರಾಗಿ ಬಡಿಯುತ್ತಿದ್ದಳು. ಡ್ರೈವರ್‌ಗಳು ಎಮ್ಮೆಯ ಸುದ್ದಿ ಕೇಳುವುದನ್ನು ಬಿಟ್ಟರು.

ನಮ್ಮ ಸಹನಾ ಹಟಮಾರಿ, ಅದು ನನ್ನ ಕಡೆಯಿಂದ ಬಂದದ್ದು. ಅದೇ ವಿಭಾಗದಲ್ಲಿ ಹೊಸದಾಗಿ ಬಂದಿದ್ದ ಇನ್ನೊಬ್ಬ ಸರ್ ಹತ್ತಿರ ಸೇರಿದಳು. ಅವರು ಇನ್ನೂ ಹುಡುಗು ವಯಸ್ಸಿನವರು. ಅವರನ್ನು ಕಾಡಿ ಬೇಡಿ ಬೀಗ ತೆಗೆಸಿದಳು. ಹೊಗೆ ಹೊರಗೆ ಎಳೆಯುವ ಫ್ಯಾನು ಹಾಕಿಸಿ, ಒಂದು ಬೀಜವೂ ಇರದಂತೆ ಆರಿಸಿ, ಮೆಣಸಿನಕಾಯಿ ತೊಟ್ಟನ್ನೇ ಹಿಡಿದಳು. ಸರ್‌ಗೆ ಹೇಳಬೇಡ ಎಂದು ನನಗೆ ಆಣೆ ಹಾಕಿದ್ದಳು. ಒಂದು ದಿನ ಮಧ್ಯಾಹ್ನ ಊಟಕ್ಕೆ ಖಾನಾವಳಿಗೆ ಬಂದವಳು ಬೇಸಿನ್ನಿನ ಹತ್ತಿರ ನಿಂತು ಕೈ ತೊಳೆಯತೊಡಗಿದಳು. ಪಕ್ಕದಲ್ಲಿ ಸರ್ ಕುಳಿತಿದ್ದರು. ನೀರು ಕಪ್ಪಗೆ ಇಳಿಯುತ್ತಿತ್ತು. ಸರ್ ಆ ನೀರನ್ನು ನೋಡಿದರು, ಅವಳ ಉಗುರು ನೋಡಿದರು.

“ಯಾವುದು?” ಎಂದರು.

“ಮೆಣಸಿನಕಾಯಿ ತೊಟ್ಟು, ಸರ್.”

ಅವರು ತಮ್ಮ ತಾಟನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಮೇಜಿನಲ್ಲಿ ಜಾಗ ಮಾಡಿದರು. ಸಹನಾ ಕುಳಿತಳು.

ಆಮೇಲೆ ಆ ಮನುಷ್ಯ ಮಾತಾಡಿದ್ದನ್ನು ನೀವು ಕೇಳಬೇಕಾಗಿತ್ತು! ಕೈ ಒಣಗಿ ಹೋದರೂ ಏಳಲಿಲ್ಲ. ಎಷ್ಟು ಕಾಯಿಸಿದಿ, ಎಷ್ಟು ಹೊತ್ತು ಇಟ್ಟಿ, ತೊಳೆದ ನೀರು ಕೊನೆಗೆ ಹೇಗಿತ್ತು, ತೂತು ಸಣ್ಣವು ಜಾಸ್ತಿಯೋ ದೊಡ್ಡವು ಜಾಸ್ತಿಯೋ. ಮೇಜಿನ ಮೇಲೆ ಮಜ್ಜಿಗೆಯಲ್ಲಿ ಬೆರಳು ಅದ್ದಿ ಗೆರೆ ಎಳೆದು ತೋರಿಸಿದರು. ಸಹನಾ ಆ ಗೆರೆಯನ್ನು ಅಳಿಸಿ ಬೇರೆ ಎಳೆದಳು. “ಹಂಗಲ್ಲ!” “ಹಂಗ ಸರ್, ನೋಡ್ರಿ ಬೇಕಾದ್ರ!” ಜಗಳದ ಹಾಗೆ ಕೇಳುತ್ತಿತ್ತು. ನನಗೆ ಒಂದು ಮಾತೂ ತಿಳಿಯಲಿಲ್ಲ. ಎಮ್ಮೆ ಎಂಬ ಪದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಹಿಗ್ಗಿನಿಂದ ನನ್ನ ಕಣ್ಣು ತುಂಬಿತು. ಅದರ ಜೊತೆಗೇ, ಏಕೋ ಏನೋ, ಜಾತ್ರೆಯಲ್ಲಿ ಕೈ ಬಿಟ್ಟುಹೋದ ಹಾಗೆಯೂ ಅನ್ನಿಸಿತು. ಒಲೆಯ ಕಡೆ ತಿರುಗಿ ನಿಂತೆ.

ಅಂಥ ಮಧ್ಯಾಹ್ನಗಳು ಕೆಲವೇ ಸಿಕ್ಕವು. ಮಾಗಿಯ ಚಳಿ ಬಿದ್ದ ದಿನಗಳಲ್ಲಿ ಸಹನಾಳಿಗೆ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ನೌಕರಿ ಬಂತು. ಒಳ್ಳೆಯ ನೌಕರಿ. ಮನೆಯಲ್ಲಿ ಎಲ್ಲರೂ ಹೋಗು ಎಂದರು. ಅವಳು ನೌಕರಿಯ ಕಾಗದವನ್ನು ಮಡಚಿ ಇಟ್ಟುಕೊಂಡಳು. ಸರ್ ಬಂದಾಗ ಹೇಳಿದಳು. ಅವರು ತುತ್ತು ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ನಗುಮುಖ ಮಾಡಿದರು.

“ಛಲೋ ಆತಲ್ಲವಾ. ಹೋಗು.”

“ತೊಟ್ಟಿನ ಕೆಲಸಾ ಅರ್ಧಕ್ಕ ಐತಲ್ರಿ ಸರ್?”

“ಅದು ಹಂಗ ಇರ್ತೈತಿ. ಹೋಗು, ಒಬ್ಬಾಕಿ ಆಗಬ್ಯಾಡ.”

ಅವತ್ತು ಹೋಗುವಾಗ ಬುಟ್ಟಿಯನ್ನು ಬಗ್ಗಿ ನೋಡಲಿಲ್ಲ. ನಾನು ಬಾಗಿಲವರೆಗೆ ಹೋಗಿ, “ಸರ, ಇರು ಅಂತ ಒಂದು ಮಾತು ಅಂದಿದ್ರ ಇರ್ತಿದ್ಲು,” ಎಂದೆ. “ಅದಕ್ಕ ಅನಲಿಲ್ರೀ,” ಎಂದು ಹೇಳಿ ರಸ್ತೆ ದಾಟಿದರು.

ಆ ವಾರದಲ್ಲಿಯೇ ಹೋಗಿಬಿಟ್ಟರು. ಬಾಗಿಲಲ್ಲಿ ಹಾಲಿನ ಪಾಕೀಟು ಹಾಗೆಯೇ ಬಿದ್ದಿದ್ದನ್ನು ನೋಡಿ ಪಕ್ಕದ ಮನೆಯವರು ಬಾಗಿಲು ತೆಗೆಸಿದರಂತೆ. ನಿದ್ದೆಯಲ್ಲಿಯೇ ಎದೆ ನಿಂತಿತ್ತು. ನಾನು, ಗಂಗವ್ವ, ಸಹನಾ ಹೋದೆವು. ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲಿಯೂ ಒಂದು ಕಪ್ಪು ಗುರುತಿರಲಿಲ್ಲ. ಗದಗಿನಿಂದ ಅವರ ತಂಗಿ ಬಂದಿದ್ದರು. ನಾವು ಯಾರು ಎಂದು ಕೇಳಿ, ನನ್ನ ಕೈ ಹಿಡಿದುಕೊಂಡು, “ಅಣ್ಣಾ ಏನ್ ಕೆಲಸಾ ಮಾಡ್ತಿದ್ದ ಅಂತ ನಮಗ್ಯಾರಿಗೂ ಗೊತ್ತಿಲ್ಲರಿ. ಏನೋ ಬ್ಯಾಟರಿ ಅಂತ ಅಂತಿದ್ದ. ನಿಮಗ ಹೇಳತಿದ್ನೇನ್ರಿ?” ಎಂದು ಕೇಳಿದರು. ಎಮ್ಮೆಯ ಕಥೆ ನನ್ನ ನಾಲಿಗೆಯ ತುದಿಗೆ ಬಂತು. ಸಹನಾಳ ಕಡೆ ನೋಡಿದೆ. ಸಹನಾ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಏನೇನೋ ಹೇಳಿದಳು. ತಂಗಿ ತಲೆ ಆಡಿಸುತ್ತ ಕೇಳಿದರು.

ಬರುವಾಗ ಬಸ್ಸಿನಲ್ಲಿ ಸಹನಾ ಕಿಟಕಿಯ ಹೊರಗೆ ನೋಡುತ್ತ, “ನಾ ಲಕಮನಹಳ್ಳಿಗೆ ಹೋಗೂದಿಲ್ಲ ಆಯಿ,” ಎಂದಳು. ಒಬ್ಬಾಕಿ ಆಗಬ್ಯಾಡ ಎಂಬ ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಸರ್ ಹೆದರಿದ್ದು ಇವಳಿಗೂ ಆದರೆ? ನಾಳೆ ಇವಳೂ ಗೋಡೆಯ ಕಡೆ ಮುಖ ಮಾಡಿ ಉಂಡರೆ? ಆ ಅಂಜಿಕೆಯನ್ನು ವರ್ಷವಿಡೀ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದೇನೆ. ಅವಳು ಊಟಕ್ಕೆ ಬಂದಾಗಲೆಲ್ಲ ಮೊದಲು ಅವಳ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ.

ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಬೈಲಹೊಂಗಲದ ಕಡೆಯ ಒಬ್ಬಳು ಹುಡುಗಿ ಬಂದಳು, ತೊಟ್ಟು ತೊಳೆಯುವುದನ್ನು ಕಲಿಯಲು. ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ಮಳೆಗಾಲದಲ್ಲಿ ಒಬ್ಬ ಹುಡುಗ ಸೇರಿಕೊಂಡ. ನಾನು ತಾಟು ಎಣಿಸುವುದನ್ನು ಬಿಟ್ಟೆ. ಎಣಿಸಿದರೆ ದೃಷ್ಟಿ ತಾಗೀತು ಎಂದು.

ಈಗ ಮೊನ್ನೆಯ ಮಾತು. ಮಧ್ಯಾಹ್ನದ ಗದ್ದಲ ಮುಗಿದು ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಸಹನಾಳ ವಿಡಿಯೋ ಕಾಲ್ ಬಂತು. “ಆಯಿ! ಮುಗೀತು! ಇದ್ದಲಿ ತಡಕೊಂಡು ನಿಂತೈತಿ!” ಎಂದು ಕೂಗುತ್ತಿದ್ದಾಳೆ. ಫೋನು ಅಲುಗಾಡಿ ಮೊದಲು ಸೀಲಿಂಗ್ ಕಂಡಿತು, ಆಮೇಲೆ ಕಂಪ್ಯೂಟರಿನ ಮೇಲೆ ಒಂದು ಗೆರೆ. ಮೊದಲ ದಿನದ ಗೆರೆ, ಕೊನೆಯ ದಿನದ ಗೆರೆ, ಒಂದರ ಮೇಲೊಂದು ಕುಳಿತಿವೆಯಂತೆ, ಅಂದರೆ ಇದ್ದಲಿ ಒಂಚೂರೂ ದಣಿದಿಲ್ಲವಂತೆ. ಬೈಲಹೊಂಗಲದ ಹುಡುಗಿ ಫೋನು ಕಸಿದುಕೊಂಡಳು, “ಅಜ್ಜಿ, ನಾ ತೊಳೆದದ್ರಿ ಇದು!” ಹುಡುಗ ಹಿಂದಿನಿಂದ, “ಸುಳ್ಳ ಹೇಳ್ತಾಳ್ರಿ, ಅರ್ಧಾ ನಾ ತೊಳದೇನಿ!” ಎಂದ. ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಎಲ್ಲರ ಮೂಗಿನ ತುದಿಯೂ ಕಪ್ಪು. ಹೊಸ ಸರ್ ಕೂಡ ಹಿಂದೆ ನಿಂತಿದ್ದರು, ಅವರ ಹಣೆಯ ಮೇಲೂ ಒಂದು ಕಪ್ಪು ಗೀರು.

ಅಷ್ಟು ಮುಖಗಳನ್ನು ಆ ಪುಟ್ಟ ಕಿಟಕಿಯಲ್ಲಿ ಒಟ್ಟಿಗೆ ನೋಡಿ ನನಗೆ ಏನಾಯಿತೋ. ಯಾರ ಜೊತೆ ಮಾತಾಡುತ್ತಿದ್ದೇನೆ ಎಂಬ ಪರಿವೆಯೂ ಇಲ್ಲದೆ ಜೋರಾಗಿ ಅಂದುಬಿಟ್ಟೆ.

“ಸರ, ನೀವು ಅಂದಿದ್ದು ಸುಳ್ಳಾತು ನೋಡ್ರಿ! ಆಕಿ ಒಬ್ಬಾಕಿ ಆಗ್ಲಿಲ್ಲ!”

ಹೊಸ ಸರ್ ಮುಂದೆ ಬಂದು, ಪಾಪ, ಮರ್ಯಾದೆಯಿಂದ ಕೇಳಿದರು. “ನಾ ಏನ್ ಅಂದಿದ್ನಿರಿ ಅಜ್ಜಿ?”

ಸಹನಾ ಮುಖ ಆ ಕಡೆ ತಿರುಗಿಸಿಕೊಂಡಳು. ಯಾವ ಸರ್‌ಗೆ ಹೇಳಿದೆ ಎಂದು ಅವಳಿಗೆ ತಿಳಿದಿತ್ತು. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ.

“ಏನಿಲ್ಲ ತಗೋರಿ. ನಾಳೆ ಎಲ್ಲಾರೂ ಕೂಡಿ ಊಟಕ್ಕ ಬರ್ರಿ.”

“ಎಷ್ಟು ಮಂದಿ ಬರೂಣ್ರಿ?”

“ಇದ್ದವರೆಲ್ಲಾ ಬರ್ರಿ,” ಎಂದೆ.